ಒಬ್ಬರಿಗೇ ಜಾಗ

ಅಲೀಮನ ಕಷ್ಟಗಳೆಲ್ಲ ಶುರುವಾದದ್ದು ಅವನ ವ್ಯಾನಿನಲ್ಲಿ ಏಳು ಸೀಟುಗಳಿದ್ದುದರಿಂದ. ಮನೆಯಲ್ಲಿದ್ದವರು ಮೂವರೇ: ಅವನು, ಹೆಂಡತಿ ಷಹನಾಜ್, ಮಗಳು ದಾನಿಯಾ. ಉಳಿದ ನಾಲ್ಕು ಸೀಟು ಖಾಲಿ ಇವೆಯೆಂಬ ಸಂಗತಿ ಅಮೆರಿಕದ ಸ್ಟರ್ಲಿಂಗ್ ಹೈಟ್ಸಿನಲ್ಲಿ ಅವನಿದ್ದ ಸಬ್‌ಡಿವಿಷನ್ನಿನ, ಎಂದರೆ ಬಡಾವಣೆಯ, ಕನ್ನಡಿಗರಿಗೆಲ್ಲ ಬಾಯಿಪಾಠವಾಗಿತ್ತು. ಯಾರ ಅತ್ತೆ ಡೆಟ್ರಾಯಿಟಿನಲ್ಲಿ ವಿಮಾನ ಇಳಿದರೂ ಕರೆತರುವವನು ಅಲೀಮ್. ಗುಡಿಗೆ ಯಾರಿಗೆ ಹೋಗಬೇಕೆನಿಸಿದರೂ ಸ್ಟೀರಿಂಗ್ ಹಿಡಿಯುವವನು ಅಲೀಮ್. ಅವರ ಅರ್ಚನೆ ಮುಗಿಯುವ ತನಕ ಪಾರ್ಕಿಂಗ್ ಲಾಟಿನಲ್ಲಿ ಕೂತಿದ್ದು, ಅವರು ತಂದುಕೊಟ್ಟ ಪುಳಿಯೋಗರೆ ತಿಂದು, ಎಲ್ಲರನ್ನೂ ಮನೆ ಮುಟ್ಟಿಸುತ್ತಿದ್ದ. ಹರಿಹರದಲ್ಲಿ ಹುಟ್ಟಿ ಬೆಳೆದ ಅವನಿಗೆ ಮನೆಯೊಳಗೆ ಉರ್ದು, ಹೊರಗೆ ಕನ್ನಡ, ಕಾರಿನ ಬ್ರೇಕು ತಯಾರಿಸುವ ಪ್ಲಾಂಟಿನಲ್ಲಿ ಇಂಗ್ಲಿಷು. ಮೂರೂ ಸರಾಗ. ‘ಆಗುವುದಿಲ್ಲ’ ಎಂಬ ಒಂದು ಮಾತು ಮಾತ್ರ ಮೂರು ಭಾಷೆಯಲ್ಲೂ ಅವನ ಬಾಯಿಗೆ ಬರುತ್ತಿರಲಿಲ್ಲ.

ಅದರಲ್ಲೂ ಶನಿವಾರದ ಸತ್ಯನಾರಾಯಣ ಅಂಕಲ್. ಕರೆಂಟಿನ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾಗಿ, ಮೂರು ಮನೆ ಆಚೆ ಮಗಳ ಮನೆಯಲ್ಲಿ ಕಾಯಂ ನೆಲೆಸಿದ್ದ ಮೈಸೂರಿನವರು. ಶನಿವಾರ ಬೆಳಗ್ಗೆ ಬಟ್ಟೆಯ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದು, “ಏನಪ್ಪಾ ಅಲೀಮ್, ನೋವೈ ಕಡೆ ಹೋಗೋದಿದೆಯಾ? ಅಲ್ಲಿನ ಇಂಡಿಯನ್ ಅಂಗಡಿಯಿಂದ ಒಂದಿಷ್ಟು ತರಕಾರಿ ತರೋದಿತ್ತು” ಎನ್ನುವರು. ಹೋಗುವುದು ಇರುತ್ತಿರಲಿಲ್ಲ, ಅವರು ಕೇಳಿದ ಮೇಲೆ ಇರುತ್ತಿತ್ತು. ವ್ಯಾನು ಹೊರಟ ಕೂಡಲೇ ಅವರ ಕತೆಯೂ ಹೊರಡುತ್ತಿತ್ತು. ಟಿ. ನರಸೀಪುರದ ಹತ್ತಿರದ ಒಂದು ಹಳ್ಳಿಗೆ ಮಳೆಗಾಲದಲ್ಲಿ ಟ್ರಾನ್ಸ್‌ಫಾರ್ಮರ್ ಸಾಗಿಸಿದ ಕತೆ. ಊರವರ ಅರ್ಜಿ, ಮೇಲಿನವರ ಮಂಜೂರಾತಿ, ಲಾರಿ ಡ್ರೈವರನ ಮನೆತನ ಎಲ್ಲ ಬಂದು, ಟ್ರಾನ್ಸ್‌ಫಾರ್ಮರು ಇನ್ನೇನು ಹೊಳೆ ದಾಟಬೇಕು ಅನ್ನುವಷ್ಟರಲ್ಲಿ ಹೆದ್ದಾರಿ ಬಿಟ್ಟು ನೋವೈಗೆ ಇಳಿಯುವ ಎಕ್ಸಿಟ್ ಬಂದುಬಿಡುತ್ತಿತ್ತು. ವಾಪಸು ಬರುವಾಗ ಎಲ್ಲಿಗೆ ನಿಲ್ಲಿಸಿದ್ದೆನೆಂದು ನೆನಪಾಗದೆ ಮತ್ತೆ ಮೊದಲಿನಿಂದ ಹಿಡಿಯುವರು. ಮೂರು ವರ್ಷವಾದರೂ ಆ ಟ್ರಾನ್ಸ್‌ಫಾರ್ಮರು ಹೊಳೆ ದಾಟಿರಲಿಲ್ಲ.

ಹೀಗಿರುವಾಗ ಪ್ಲಾಂಟಿನವರ ಪಿಕ್ನಿಕ್ಕಿಗೆಂದು ಲೇಕ್ ಸೇಂಟ್ ಕ್ಲೇರಿನ ದಡಕ್ಕೆ ಹೋದ ಅಲೀಮ್ ಒಂದು ವಿಚಿತ್ರ ಕಂಡ. ನೀರಿನ ಮೇಲೆ ಎರಡು ಸಪೂರ ದೋಣಿಗಳು ಅಕ್ಕಪಕ್ಕ. ಅವನ್ನು ಜೋಡಿಸಿ ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಬಲೆಯ ಬಟ್ಟೆ. ಮೇಲೆ ಒಂದೇ ಒಂದು ಎತ್ತರದ ಹಾಯಿ. ಬಲೆಯಂಚಿನಲ್ಲಿ ಒಬ್ಬ ಮನುಷ್ಯ ಕೂತು ಯಾರ ಹಂಗೂ ಇಲ್ಲದೆ ಸರ್ರನೆ ಹೋಗುತ್ತಿದ್ದ. ಪಕ್ಕದಲ್ಲಿ ಯಾರೂ ಇಲ್ಲ, ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ. ಹಿಂದಿನ ಸೀಟೇ ಇಲ್ಲ.

“ಅದರಲ್ಲಿ ಎಷ್ಟು ಜನ ಕೂರಬಹುದು?” ಎಂದು ದಡದಲ್ಲಿದ್ದವನೊಬ್ಬನನ್ನು ಕೇಳಿದ.

“ಒಬ್ಬರೇ. ರೇಸಿನ ಕ್ಯಾಟಮರಾನ್ ಅದು, ತೀರ ಹಗುರ. ಇಬ್ಬರಿಗೆಂದು ಮಾಡಿದ್ದಲ್ಲ.”

ಅಮೆರಿಕಕ್ಕೆ ಬಂದ ಮೇಲೆ ಅಷ್ಟು ಸಿಹಿಯಾದ ಮಾತನ್ನು ಅಲೀಮ್ ಕೇಳಿರಲಿಲ್ಲ. ಮುಂದಿನ ವಸಂತದಲ್ಲಿ, ಅಂದರೆ 2002ರ ಮೇ ತಿಂಗಳಲ್ಲಿ, ಅಂಥದೇ ಒಂದು ಹಳೆಯ ದೋಣಿ ಅವನ ಮನೆಯೆದುರಿನ ಡ್ರೈವ್‌ವೇಗೆ ಬಂದು ನಿಂತಿತು.

ನೋಡಲು ಸಬ್‌ಡಿವಿಷನ್ನೇ ನೆರೆಯಿತು. ಎಲ್ಲರಿಗಿಂತ ಮುಂದೆ ನಿಂತಿದ್ದವರು ಪಕ್ಕದ ಮನೆಯ ಕಲ್ಮೇಶನ ತಂದೆ ಗದಿಗೆಪ್ಪ. ಬ್ಯಾಡಗಿಯವರು, ಬೇಸಗೆಗೆಂದು ಮಗನ ಮನೆಗೆ ಬಂದಿದ್ದರು. ಒಂದು ಜನ್ಮವನ್ನೆಲ್ಲ ಸರ್ಕಾರಿ ಬಸ್ಸಿನ ಕಂಡಕ್ಟರಿಕೆಯಲ್ಲಿ ಕಳೆದ ದೇಹ. ಬಾಗಿಲಲ್ಲಿ ನಿಂತರೆ ಬಾಗಿಲು ಕಾಣುತ್ತಿರಲಿಲ್ಲ. ಅಮೆರಿಕದಲ್ಲಿ ಅವರಿಗೆ ಎಲ್ಲದರ ಮೇಲೂ ಕುತೂಹಲ. ಕಸದ ಲಾರಿ ಬಂದರೂ ಅದರ ಹಿಂದೆ ಎರಡು ಮನೆ ದೂರ ನಡೆದು ಹೋಗಿ ನೋಡಿ ಬರುವರು.

“ಎಂಜಿನ್ ಎಲ್ಲೈತಿ ತಮ್ಮಾ?”

“ಇಲ್ಲ ಕಾಕಾ. ಗಾಳಿಯಲ್ಲೇ ಹೋಗುತ್ತೆ.”

“ಗಾಳಿ ಎದುರಿಗೆ ಬಂದ್ರ?”

“ಆಗಲೂ ಹೋಗುತ್ತೆ. ಓರೆ ಓರೆಯಾಗಿ.”

“ಅದ್ಹೆಂಗ?”

ಅದು ಹೇಗೆಂದು ಅಲೀಮನಿಗೂ ಸರಿಯಾಗಿ ಗೊತ್ತಿರಲಿಲ್ಲ. ಗದಿಗೆಪ್ಪ ಬಲೆಯ ಬಟ್ಟೆಯನ್ನು ಅಂಗೈಯಿಂದ ಒತ್ತಿ ನೋಡಿದರು. “ಇದು ನಮ್ಮೂರ ಹಗ್ಗದ ಹೊರಸಿನ ಮಂಚ ಇದ್ದಂಗ ಐತಲ್ಲೋ. ಇದರ ಮ್ಯಾಲ ನಾಕು ಮಂದಿ ಆರಾಮ ಕುಂದರತಾರ.”

“ಇಲ್ಲ ಕಾಕಾ, ಇದ್ರಲ್ಲಿ ಒಬ್ಬರಿಗೇ ಜಾಗ.”

“ಒಬ್ಬರಿಗೆ ಅಂದ್ರ ಎಷ್ಟು ಮಂದಿ?” ಎಂದು ಗದಿಗೆಪ್ಪ ಕೇಳಿದರು. ನಲವತ್ತೆಂಟು ಸೀಟಿನ ಬಸ್ಸಿನಲ್ಲಿ ಜಾತ್ರೆಗೆ ನೂರು ಮಂದಿಯನ್ನು ಒಯ್ದವರು ಅವರು. ಲೆಕ್ಕ ಎಂದರೆ ಅವರಿಗೆ ಮಾತುಕತೆಯ ಆರಂಭ ಅಷ್ಟೆ.

“ಒಬ್ಬರು ಅಂದ್ರೆ ಒಬ್ಬರೇ ಕಾಕಾ.”

“ಸ್ವಲ್ಪ ಸರದು ಕುಂತರ?”

“ಸರಿಯೋಕೆ ಜಾಗ ಇಲ್ಲ. ನೀರಿಗೆ ಬೀಳ್ತೀವಿ.”

ಗದಿಗೆಪ್ಪ ನಂಬಲಿಲ್ಲ. ಉಳಿದವರು ನಂಬಿದರು. ನಂಬುವ ತನಕ ಅಲೀಮ್ ಬಿಡಲಿಲ್ಲ. ಮುಂದಿನ ಎರಡು ವಾರ ಸಿಕ್ಕಸಿಕ್ಕವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ‘ಒಬ್ಬರಿಗೇ ಜಾಗ, ಇನ್ನೊಬ್ಬರು ಹತ್ತಿದರೆ ಮಗುಚುತ್ತೆ, ಜೀವಕ್ಕೆ ಅಪಾಯ’ ಎಂದು ಸಾರಿದ. ಅದನ್ನು ಹೇಳಲು ಅವನಿಗೆ ಎಲ್ಲಿಲ್ಲದ ಧೈರ್ಯ ಬಂದಿತ್ತು, ಯಾಕೆಂದರೆ ‘ಆಗುವುದಿಲ್ಲ’ ಎನ್ನುತ್ತಿದ್ದುದು ಅವನಲ್ಲ, ದೋಣಿ. ಸತ್ಯನಾರಾಯಣ ಅಂಕಲ್ ಕೂಡ, “ಹೌದೇನಪ್ಪಾ? ಛೆ, ಒಬ್ಬನೇ ಹೋಗ್ಬೇಕಾ ಪಾಪ” ಎಂದು ಮರುಗಿ, ಚೀಲವನ್ನು ಇನ್ನೊಂದು ಮಡಿಕೆ ಮಡಚಿಕೊಂಡು ಹೋದರು. ಶನಿವಾರದ ಬೆಳಗು ಅಲೀಮನದಾಯಿತು.

ಆದರೆ ಆ ಬೆಳಗುಗಳಲ್ಲಿ ಏನು ನಡೆಯುತ್ತಿತ್ತೆಂದು ಅವನು ಮನೆಯಲ್ಲಿ ಹೇಳಿರಲಿಲ್ಲ. ದೋಣಿ ಇಡಲು ದಡದ ಒಂದು ಚಿಕ್ಕ ಕ್ಲಬ್ಬಿನಲ್ಲಿ ಜಾಗ ಸಿಕ್ಕಿತ್ತು. ಅಲ್ಲಿಂದ ನೀರಿಗಿಳಿದು, ಹಾಯಿ ಏರಿಸಿ, ಐದು ನಿಮಿಷ ಹೋಗುವಷ್ಟರಲ್ಲಿ ಗಾಳಿ ಬೀಸಿ ಒಂದು ಪಕ್ಕ ಮೇಲೇಳುತ್ತಿತ್ತು. ಮೇಲೆದ್ದ ಪಕ್ಕದ ಅಂಚಿಗೆ ಹೋಗಿ ಕೂತು ಮೈಭಾರದಿಂದ ಅದುಮಬೇಕು, ಅಷ್ಟೇ ವಿದ್ಯೆ. ಅಲೀಮ್ ಹೋಗಿ ಕೂರುತ್ತಿದ್ದ. ಅದುಮಲು ಭಾರ ಬೇಕಲ್ಲ, ಅದೇ ಅವನಲ್ಲಿರಲಿಲ್ಲ. ಮದುವೆಯ ಶೇರ್ವಾನಿ ಹದಿನೈದು ವರ್ಷದ ಮೇಲೂ ಸಡಿಲವಾಗುತ್ತಿದ್ದ ಆಸಾಮಿ. ದೋಣಿ ನಿಧಾನವಾಗಿ, ಮರ್ಯಾದೆಯಿಂದ, ಅವನನ್ನು ಎತ್ತಿ ಆಚೆ ಬದಿಗೆ ಹಾಕುತ್ತಿತ್ತು. ಆಗ ಕ್ಲಬ್ಬಿನ ವಾಲ್ಟ್ ಮೋಟಾರು ಬೋಟಿನಲ್ಲಿ ಬಂದು ಎಳೆದೊಯ್ಯುತ್ತಿದ್ದ. ಬಿಳಿ ಮೀಸೆಯ ಈ ವಾಲ್ಟ್ ಆ ದಡಕ್ಕೆ ಯಜಮಾನನಿದ್ದಂತೆ. ಅವನದೊಂದು ನಿಯಮವಿತ್ತು: ಹೊಸಬರು ಜುಲೈ ಮುಗಿಯುವುದರೊಳಗೆ, ನೀರಿನಲ್ಲಿ ತೇಲಿಬಿಟ್ಟ ಮೂರು ಕಿತ್ತಳೆ ಬಣ್ಣದ ಚೆಂಡುಗಳನ್ನು ಸುತ್ತಿ, ಅವನ ಬೋಟಿನ ಸಹಾಯವಿಲ್ಲದೆ ದಡಕ್ಕೆ ಮರಳಬೇಕು. ಇಲ್ಲದಿದ್ದರೆ ದೋಣಿಯ ಜಾಗ ಬೇರೆಯವರಿಗೆ.

ಈ ಕತೆ ನಡೆದದ್ದು ಜುಲೈಯ ಕೊನೆಯ ಶನಿವಾರ. ಜಾಗ ಹೋದರೆ ದೋಣಿ ಹೋಗುತ್ತದೆ, ದೋಣಿ ಹೋದರೆ ಬಟ್ಟೆಯ ಚೀಲ ಮರಳಿ ಬರುತ್ತದೆ ಎಂದು ಅಲೀಮ್ ರಾತ್ರಿಯೆಲ್ಲ ಹೊರಳಾಡಿದ್ದ. ಬೆಳಗ್ಗೆ ಕೆಳಗಿಳಿದು ಬಂದರೆ ಅಡುಗೆಮನೆಯ ಮೇಜಿನ ಮುಂದೆ ಗದಿಗೆಪ್ಪ ಚಹಾ ಕುಡಿಯುತ್ತಿದ್ದಾರೆ. ತಲೆಗೆ ಬಿಳಿ ಟೋಪಿ, ಮೈಗೆ ಮಗನ ಟ್ರ್ಯಾಕ್ ಪ್ಯಾಂಟು, ಪಕ್ಕದಲ್ಲಿ ಬುತ್ತಿಯ ಗಂಟು.

“ಕಲ್ಮೇಶ್‌ಗೆ ಪ್ಲಾಂಟಿಂದ ಕರೆ ಬಂತಂತೆ. ಅವರ ಹೆಂಡತಿ ಶರಣ್ಯಾನೂ ಇಲ್ಲ, ಫ್ರೆಂಡ್ ಮನೆಗೆ ಹೋಗಿದಾಳೆ. ಕಾಕಾ ಒಬ್ಬರೇ ಮನೇಲಿ ಏನು ಮಾಡ್ತಾರೆ? ನಿಮ್ಮ ಜೊತೆ ಕರ್ಕೊಂಡು ಹೋಗಿ” ಎಂದಳು ಷಹನಾಜ್.

“ಬೋಟಲ್ಲಿ ಒಬ್ಬರಿಗೇ…”

“ಬೋಟಲ್ಲಿ ತಾನೇ? ವ್ಯಾನಲ್ಲಿ ಆರು ಸೀಟು ಖಾಲಿ ಇದೆ. ಕಾಕಾ ದಡದಲ್ಲಿ ಕೂತು ನೋಡ್ತಾರೆ.”

ಹೆಂಡತಿಯ ಲೆಕ್ಕದಲ್ಲಿ ತಪ್ಪು ಹುಡುಕಲು ಅಲೀಮನಿಗೆ ಆಗಲಿಲ್ಲ. ಕೆರೆಗೆ ಹೋಗುವ ಮೆಟ್ರೊ ಪಾರ್ಕ್‌ವೇ ರಸ್ತೆಯ ಉದ್ದಕ್ಕೂ ಗದಿಗೆಪ್ಪ ಕೇಳುತ್ತ ಹೋದರು. ಗಾಳಿ ನಿಂತುಬಿಟ್ಟರೆ ಏನು ಮಾಡುತ್ತಿ, ಕೆರೆಯ ಆಚೆ ದಡ ಯಾವ ಊರು, ಕೆನಡಾ ಆದರೆ ತಪಾಸಣೆ ಯಾರು ಮಾಡುತ್ತಾರೆ, ಮೀನು ಐತೇನು, ಹಾಯಿಗೆ ಪಾಸು ಬೇಕೇನು. ಎಲ್ಲದಕ್ಕೂ ಉತ್ತರಿಸಿ ಅಲೀಮನ ಗಂಟಲು ಒಣಗಿತು.

ದಡದಲ್ಲಿ ವಾಲ್ಟ್ ಕಾಯುತ್ತಿದ್ದ. “ಅಲ್,” ಎಂದ. ಅಲೀಮನ ಹೆಸರನ್ನು ಅವನು ಅರ್ಧಕ್ಕೇ ನಿಲ್ಲಿಸುತ್ತಿದ್ದ. “ಇವತ್ತು ಕೊನೆ. ಗಾಳಿ ಸ್ವಲ್ಪ ಜೋರಿದೆ. ದೇವರು ನಿನಗೆ ಒಳ್ಳೆಯದು ಮಾಡಲಿ.”

ಗದಿಗೆಪ್ಪ ದೋಣಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿ ನಿಂತರು. “ಒಂದ ಒಂದು ಸಲ ಕುಂತು ನೋಡ್ಲೇನು ತಮ್ಮಾ? ದೂರ ಬ್ಯಾಡ. ಇಲ್ಲೇ ಮಣಕಾಲಮಟ ನೀರಾಗ.”

ಅಲೀಮನ ತಲೆಯೊಳಗೆ ಒಂದು ದೀಪ ಹೊತ್ತಿಕೊಂಡಿತು. ಬಾಯಿಂದ ಹೇಳಿದ್ದನ್ನು ಈ ಮನುಷ್ಯ ನಂಬುವುದಿಲ್ಲ. ಮೊಳಕಾಲು ನೀರಿನಲ್ಲಿ ಒಂದು ಸಲ ಮಗುಚಿ ಹಾಕಿದರೆ ಬಟ್ಟೆ ನೆನೆಯುತ್ತದೆ, ಅಷ್ಟೆ. ಯಾರಿಗೂ ಏನೂ ಆಗುವುದಿಲ್ಲ. ಸಂಜೆಯೊಳಗೆ ಸಬ್‌ಡಿವಿಷನ್ನಿನ ಮನೆಮನೆಗೂ ಗದಿಗೆಪ್ಪನೇ ಸುದ್ದಿ ಮುಟ್ಟಿಸುತ್ತಾರೆ. ಆಮೇಲೆ ಯಾರಾದರೂ ಈ ದೋಣಿಯ ಹೆಸರೆತ್ತಿದರೆ ಕೇಳಿ. ಅವರನ್ನು ದಡದಲ್ಲಿ ಒಣಗಲು ಕೂರಿಸಿ ತನ್ನ ಸುತ್ತನ್ನು ತಾನು ಹಾಕಬಹುದು.

“ಬನ್ನಿ ಕಾಕಾ, ಕೂತ್ಕೊಳ್ಳಿ” ಎಂದ. ದನಿಯಲ್ಲಿ ಇದ್ದ ಜೇನು ಅವನಿಗೇ ಅಸಹ್ಯವಾಯಿತು.

ವಾಲ್ಟ್ ಒಂದು ಲೈಫ್ ಜಾಕೆಟ್ ತಂದುಕೊಟ್ಟ. ಗದಿಗೆಪ್ಪನ ಹೊಟ್ಟೆಯ ಮೇಲೆ ಅದರ ಎರಡು ತುದಿಗಳು ಒಂದನ್ನೊಂದು ಮುಟ್ಟಲಿಲ್ಲ. ನಡುವೆ ಹಗ್ಗ ಬಿಗಿದು ಕಟ್ಟಿದ್ದಾಯಿತು. ಬುತ್ತಿಯ ಗಂಟನ್ನು ದಡದಲ್ಲಿಡಿ ಎಂದರೆ ಅವರು ಒಪ್ಪಲಿಲ್ಲ. ಅಲ್ಲಿ ಕಡಲಹಕ್ಕಿಗಳು ಸುಳಿದಾಡುತ್ತಿದ್ದವು, ಒಳಗೆ ಜೋಳದ ರೊಟ್ಟಿ ಇತ್ತು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಲೆಯ ನಡುವೆ ಪದ್ಮಾಸನ ಹಾಕಿ ಕೂತರು. ದೋಣಿ ಒಮ್ಮೆ ಉಸ್ಸೆಂದು ನೀರಿಗೆ ತಗ್ಗಿ ನಿಂತಿತು. ಅಲೀಮ್ ಹತ್ತಿ ಚುಕ್ಕಾಣಿ ಹಿಡಿದ. ಗದಿಗೆಪ್ಪ ದೋಣಿಯ ಪಕ್ಕೆಗೆ ಅಂಗೈಯಿಂದ ಎರಡು ಸಲ ತಟ್ಟಿ, “ರೈಟ್, ರೈಟ್” ಎಂದರು.

ಗಾಳಿ ಹಾಯಿಗೆ ತುಂಬಿತು. ಅಲೀಮ್ ಬೇಕೆಂದೇ ತಗ್ಗಿನ ಬದಿಗೆ ಸರಿದು ಹಾಯಿಯ ಹಗ್ಗವನ್ನು ಜಗ್ಗಿ ಎಳೆದ. ಲೆಕ್ಕದಂತೆ ಆಚೆ ಪಕ್ಕ ಏಳತೊಡಗಿತು. ಈಗ ಮಗುಚುತ್ತದೆ, ಈಗ ಮಗುಚುತ್ತದೆ ಎಂದು ಅವನು ಮೂಗು ಹಿಡಿದುಕೊಳ್ಳಲು ಸಿದ್ಧನಾದ. ಅಷ್ಟರಲ್ಲಿ ತಗ್ಗಿನಿಂದ ನೀರು ಚಿಮ್ಮಿ ಬುತ್ತಿಯ ಗಂಟಿಗೆ ಬಿತ್ತು.

“ಏ, ರೊಟ್ಟಿ ತೋಯ್ತಾವಲ್ಲೋ” ಎಂದು ಗದಿಗೆಪ್ಪ ಗಂಟನ್ನೆತ್ತಿಕೊಂಡು, ನೀರು ಸಿಡಿಯದ ಒಣ ಜಾಗ ಯಾವುದೆಂದು ನೋಡಿ, ಮೇಲೆದ್ದ ಪಕ್ಕದ ಅಂಚಿಗೆ ಸರಿದು ಕೂತರು. ಎದ್ದಿದ್ದ ಪಕ್ಕ, ಗದರಿಸಿದ ಮಗುವಿನ ಹಾಗೆ, ತೆಪ್ಪಗೆ ಕೆಳಗಿಳಿಯಿತು. ದೋಣಿ ನೆಟ್ಟಗಾಗಿ ಮುಂದಕ್ಕೆ ಚಿಮ್ಮಿತು.

ಅಲೀಮ್ ಇನ್ನೂ ಬಿಗಿಯಾಗಿ ಹಗ್ಗ ಎಳೆದ. ಗಾಳಿ ಇನ್ನೂ ಜೋರಾಗಿ ಎತ್ತಿತು. ಗದಿಗೆಪ್ಪ ಇನ್ನೊಂದು ಗೇಣು ಹೊರಕ್ಕೆ ಸರಿದರು. ಇದೇ ಹಗ್ಗಜಗ್ಗಾಟದಲ್ಲಿ ಮೊಳಕಾಲು ನೀರು ಎಲ್ಲಿ ಮುಗಿಯಿತೋ ತಿಳಿಯಲಿಲ್ಲ. ತಿರುಗಿ ನೋಡಿದರೆ ದಡದ ಮೇಲಿನ ವಾಲ್ಟ್ ಹೆಬ್ಬೆರಳಿನಷ್ಟಾಗಿದ್ದ. ಇಲ್ಲಿ ಮಗುಚಿದರೆ ಕಾಲು ನೆಲಕ್ಕೆ ಸಿಗುವುದಿಲ್ಲ. ಅರುವತ್ತೆಂಟರ ಮುದುಕ, ಹಗ್ಗದಲ್ಲಿ ಕಟ್ಟಿದ ಜಾಕೆಟ್ಟು. ಕಲ್ಮೇಶನಿಗೆ ಏನೆಂದು ಹೇಳುವುದು ಎಂದು ಅಲೀಮ್ ಯೋಚಿಸಿ, ತನ್ನ ಉಪಾಯದ ಮೇಲೆ ತಾನೇ ಉಗುಳಿಕೊಂಡ.

“ಕಾಕಾ, ನಿಮಗೆ ಈಜು ಬರುತ್ತಾ?”

“ವರದಾ ಹೊಳಿಯಾಗ ಈಜೇನಿ. ಯಾಕ, ಬೀಳಾವ್ರ ಇದೀವೇನು?” ಎಂದು ಅವರು ಬಹಳ ಆಸಕ್ತಿಯಿಂದ ಕೇಳಿದರು.

“ಇಲ್ಲ ಇಲ್ಲ. ಹಾಗೇ ಕೂತಿರಿ. ಅಲುಗಾಡ್ಬೇಡಿ.”

“ಗಾಳಿ ಎದುರಿಗೈತಿ. ಆದ್ರೂ ಹೊಂಟೇವಿ. ಅದ್ಹೆಂಗ?”

ಆಗಲೇ ಅಲೀಮನಿಗೂ ಗಮನಕ್ಕೆ ಬಂದದ್ದು: ಹೋಗುತ್ತಿದ್ದರು. ಮೇ ತಿಂಗಳಿಂದ ಇಷ್ಟು ದೂರ ಅವನು ಬಂದೇ ಇರಲಿಲ್ಲ. ಮೊದಲ ಕಿತ್ತಳೆ ಚೆಂಡು ಎದುರಿಗೇ ತೇಲುತ್ತಿತ್ತು, ಇಷ್ಟು ದಿನ ದಡದಿಂದ ನಿಂಬೆಹಣ್ಣಿನಂತೆ ಕಂಡದ್ದು ಹತ್ತಿರದಿಂದ ನೋಡಿದರೆ ಆಳೆತ್ತರವಿತ್ತು. ಹಿಂದಕ್ಕೆ ಹೋಗುವ ಬದಲು ಸುತ್ತಿಯೇ ಬಿಡೋಣ ಎಂಬ ಆಸೆ ಅವನಲ್ಲಿ ಎದ್ದಿತು. ದೋಣಿಯ ಜಾಗ, ಶನಿವಾರದ ಬೆಳಗು, ಎಲ್ಲ ಆ ಚೆಂಡಿನ ಆಚೆಗಿದ್ದವು.

“ಕಾಕಾ, ಈಗ ತಿರುಗಿಸ್ತೀನಿ. ಹಾಯಿ ಈ ಕಡೆಯಿಂದ ಆ ಕಡೆಗೆ ಬರುತ್ತೆ. ತಲೆ ಬಗ್ಗಿಸಿ, ಈಚೆ ಬದಿಗೆ ಸರ್ಕೊಳ್ಳಿ.”

ಗದಿಗೆಪ್ಪ ತಲೆ ಬಗ್ಗಿಸಿ ಸರಿದರು. ಹಾಗೆಂದು ಹೇಳಿದವನು ಮಾತ್ರ ಬಗ್ಗಿಸುವುದನ್ನು ಮರೆತ. ಹಾಯಿಯ ಕೆಳಗಿನ ಅಡ್ಡಕಂಬ ಬೀಸಿ ಬಂದು ಬೆನ್ನಿಗೆ ಬಡಿಯಿತು. ಮರುಗಳಿಗೆಗೆ ಅಲೀಮ್ ನೀರಿನಲ್ಲಿದ್ದ, ದೋಣಿ ನೀರಿನ ಮೇಲಿತ್ತು. ಚುಕ್ಕಾಣಿ ಹಿಡಿಯುವವರಿಲ್ಲದೆ ಅದು ಗಾಳಿಗೆ ಮುಖ ಮಾಡಿ, ಹಾಯಿಯನ್ನು ಪಟಪಟ ಬಡಿಯುತ್ತ ನಿಂತುಬಿಟ್ಟಿತು. ಅದರ ಮೇಲೆ ಗದಿಗೆಪ್ಪ, ಟೋಪಿ ಸಮೇತ, ಬುತ್ತಿ ಸಮೇತ.

ಅವರು ಕೆಳಗೆ ಬಗ್ಗಿ ನೋಡಿದರು. “ಈಗ ಬರೋಬ್ಬರಿ ಒಬ್ಬರಾದ್ವಿ ನೋಡು ತಮ್ಮಾ, ನೀ ಹೇಳಿದಂಗ.”

ದೂರದಲ್ಲಿ ವಾಲ್ಟನ ಮೋಟಾರು ಬೋಟು ಗುರ್ರೆಂದು ಹೊರಟದ್ದು ಕೇಳಿಸಿತು. ಅದು ಬಂದು ಮುಟ್ಟಿದರೆ ಆಟ ಮುಗಿಯಿತು. ಅಲೀಮ್ ನೀರು ಕುಡಿಯುತ್ತ, “ಕಾಕಾ, ಆ ಬೋಟು ಬರಬಾರದು, ಬೇಡ ಅನ್ನಿ” ಎಂದ. ಅಲೀಮನಿಗೆ ಜನ್ಮದಲ್ಲಿ ಬಾರದ ಆ ಕೆಲಸವನ್ನು ಗದಿಗೆಪ್ಪ ಒಂದು ಕೈಯಲ್ಲಿ ಮಾಡಿದರು. ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತು, ‘ಹಿಂದಿನ ಗಾಡಿಗೆ ಬಾ’ ಎಂದು ತೋರಿಸುವಂತೆ ಅಂಗೈಯನ್ನು ಒಮ್ಮೆ ಬೀಸಿದರು. ಭಾಷೆ ಬಾರದಿದ್ದರೂ ವಾಲ್ಟ್ ಅಲ್ಲೇ ಎಂಜಿನ್ ನಿಲ್ಲಿಸಿದ. ಆಮೇಲೆ ಅವರು ಇನ್ನೊಂದು ಕೈಯಿಂದ ಅಲೀಮನ ಜಾಕೆಟ್ಟಿನ ಕೊರಳುಪಟ್ಟಿ ಹಿಡಿದು, ಓಡುತ್ತ ಬಂದ ಪ್ರಯಾಣಿಕನನ್ನು ಮೆಟ್ಟಿಲಿನಿಂದ ಒಳಗೆಳೆದುಕೊಂಡಂತೆ, ಬಲೆಯ ಮೇಲೆ ಎಳೆದು ಹಾಕಿದರು.

“ರೈಟ್” ಎಂದರು.

ಎರಡನೆಯ ಚೆಂಡಿಗೆ ಗಾಳಿ ಪಕ್ಕದಿಂದ ಬಂತು. ದೋಣಿ ಯಾವ ತಕರಾರೂ ಇಲ್ಲದೆ ಒಂದೇ ಸಮನೆ ಓಡಿತು. ಗದಿಗೆಪ್ಪ ಗಂಟು ಬಿಚ್ಚಿ ರೊಟ್ಟಿಗೆ ಶೇಂಗಾ ಚಟ್ನಿ ಸವರಿ, ಸುರುಳಿ ಸುತ್ತಿ ಅಲೀಮನ ಕೈಗಿಟ್ಟರು. ಪಕ್ಕದಲ್ಲಿ ಹಾದುಹೋದ ರೇಸಿನವನೊಬ್ಬ, ಒಬ್ಬರ ದೋಣಿಯಲ್ಲಿ ಇಬ್ಬರು ಕೂತು ತಿಂಡಿ ತಿನ್ನುತ್ತಿರುವುದನ್ನು ಕತ್ತು ಹೊರಳುವ ತನಕ ನೋಡಿದ. ಗದಿಗೆಪ್ಪ ಅವನಿಗೂ ಒಂದು ರೊಟ್ಟಿ ಎತ್ತಿ ತೋರಿಸಿದರು.

ಮೂರನೆಯ ಚೆಂಡು ಸುತ್ತಿ ದಡದತ್ತ ತಿರುಗಿದಾಗ ಗದಿಗೆಪ್ಪ ಸುಮ್ಮನಾಗಿದ್ದರು. ‘ಅದ್ಹೆಂಗ’ ಇಲ್ಲ, ಪ್ರಶ್ನೆ ಇಲ್ಲ. ನೀರನ್ನು, ಬಿಸಿಲನ್ನು, ಹಾಯಿಯ ತುದಿಯನ್ನು ನೋಡುತ್ತ ಕೂತಿದ್ದರು. ದೋಣಿಯ ಅಡಿಯಲ್ಲಿ ನೀರು ಸುಯ್ಯೆನ್ನುವ ಸದ್ದೊಂದೇ. ಅಲೀಮನಿಗೆ ತುಂಬ ಸಂತೋಷವಾಯಿತು. ಇಷ್ಟು ವಾರ ಒಬ್ಬನೇ ಬಂದರೂ ಸಿಗದಿದ್ದ ಏಕಾಂತ, ಈ ಭಾರಿ ಮನುಷ್ಯನ ಪಕ್ಕದಲ್ಲಿ ಕೂತಾಗ ಸಿಕ್ಕಿತ್ತು. ಇಂಥವರೊಬ್ಬರು ಜೊತೆಗಿದ್ದರೆ ಚಿಂತೆಯಿಲ್ಲ ಎಂದೂ ಅನಿಸಿತು.

ದಡ ಮುಟ್ಟಿದಾಗ ಗದಿಗೆಪ್ಪ ಪಕ್ಕೆಗೆ ಒಂದೇ ಸಲ ತಟ್ಟಿ, “ಹೋಲ್ಡಾನ್” ಎಂದು ಇಳಿದರು. ವಾಲ್ಟ್ ಬಂದು ಇಬ್ಬರ ಕೈಯನ್ನೂ ಕುಲುಕಿದ.

“ಸುತ್ತು ಮುಗಿಸಿದೆ. ನನ್ನ ಬೋಟು ಮುಟ್ಟಲಿಲ್ಲ. ಜಾಗ ನಿನ್ನದೇ, ಅಲ್” ಎಂದ.

ಅಲೀಮನಿಗೆ ಕಣ್ಣು ತುಂಬಿ ಬಂತು.

“ಆದರೆ ಒಂದು ಷರತ್ತು,” ಎಂದ ವಾಲ್ಟ್. “ಇನ್ನು ಮೇಲೆ ಒಬ್ಬನೇ ನೀರಿಗಿಳಿಯಕೂಡದು. ಪ್ರತಿ ಶನಿವಾರ ನಿನ್ನನ್ನು ಹೆಕ್ಕಿ ಹೆಕ್ಕಿ ನನ್ನ ಸೊಂಟ ಹೋಗಿದೆ. ಇವರು ಜೊತೆಗಿರಬೇಕು, ಇಲ್ಲ ಇವರಷ್ಟು ತೂಕದ ಇನ್ನೊಬ್ಬರು. ಹಾಗಿದ್ದರೆ ಮಾತ್ರ ದೋಣಿ ಇಲ್ಲಿರಲಿ.”

“ಇದು ಒಬ್ಬರ ದೋಣಿ ಅಲ್ಲವೇ?”

“ಒಬ್ಬ ಮನುಷ್ಯನ ದೋಣಿ, ನಿಜ. ತೂಕದಲ್ಲಿ ನೀನು ಮುಕ್ಕಾಲು ಮನುಷ್ಯ.”

ಬೇಸರವಾದರೂ ಅಲೀಮ್ ತಡೆದುಕೊಂಡ. ಗದಿಗೆಪ್ಪ ಇದ್ದಾರಲ್ಲ. ವ್ಯಾನು ಹೊರಟ ಮೇಲೆ ವಾಲ್ಟನ ಷರತ್ತನ್ನು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, “ಕಾಕಾ, ಮುಂದಿನ ಶನಿವಾರಾನೂ ಬರ್ಬೇಕು ನೀವು” ಎಂದ. ಯಾರನ್ನಾದರೂ ತಾನಾಗಿ ವ್ಯಾನಿಗೆ ಕರೆದದ್ದು ಅವನಿಗೆ ಅದೇ ಮೊದಲು.

“ಮುಂದಿನ ಶನಿವಾರ ನಾ ಬ್ಯಾಡಗ್ಯಾಗ ಇರತೀನಲ್ಲೋ ತಮ್ಮಾ. ಬುಧವಾರ ವಿಮಾನ ಐತಿ. ಏರ್‌ಪೋರ್ಟಿಗೆ ಬಿಡಾಕ ನೀನ ಬರಾಂವ ಅಲ್ಲೇನು? ಕಲ್ಮೇಶ ಹೇಳಿಲ್ಲ?”

ಮನೆಗೆ ಬಂದವನೇ ಅಲೀಮ್ ಸ್ನಾನ ಮುಗಿಸಿ ಫೋನಿನ ಮುಂದೆ ಕೂತ. ಸಬ್‌ಡಿವಿಷನ್ನಿನ ದಪ್ಪಗಿರುವ ಗಂಡಸರನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಒಬ್ಬೊಬ್ಬರಿಗೇ ಕರೆ ಮಾಡಿದ.

“ಬೋಟಿಗಾ?” ಎಂದ ಸುರೇಶ್. “ಅದ್ರಲ್ಲಿ ಒಬ್ಬರಿಗೇ ಜಾಗ ಅಂತ ನೀವೇ ಹೇಳಿದ್ರಲ್ಲ.”

“ಇಬ್ಬರೂ ಕೂರ್ಬಹುದು. ಇವತ್ತು ಟ್ರೈ ಮಾಡಿದ್ವಿ.”

“ಜೀವಕ್ಕೆ ಅಪಾಯ ಅಂದಿದ್ರಿ. ನನಗೆ ಇಬ್ಬರು ಮಕ್ಕಳಿದಾರೆ ಅಲೀಮ್.”

ಕೇಶವನೂ ಹಾಗೇ ಹೇಳಿದ. ಡಾಕ್ಟರ್ ರೇವಣಪ್ಪನವರು ಎರಡು ವಾರ ಅಲೀಮ್ ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಅವನಿಗೇ ಒಪ್ಪಿಸಿ, ಅವನ ಆರೋಗ್ಯ ಹೇಗಿದೆ, ನಿದ್ದೆ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸಿದರು. ಇಷ್ಟು ಜನ ಇಷ್ಟು ಸಲೀಸಾಗಿ ‘ಆಗುವುದಿಲ್ಲ’ ಎನ್ನುವುದನ್ನು ಕೇಳಿ ಅಲೀಮನಿಗೆ ಒಳಗೊಳಗೇ ಅಸೂಯೆಯಾಯಿತು.

ಕೊನೆಯ ಫೋನು ಇಟ್ಟಾಗ ಬಾಗಿಲ ಬೆಲ್ಲು ಬಡಿಯಿತು. ಷಹನಾಜ್ ಬಾಗಿಲು ತೆರೆದು, “ಬನ್ನಿ ಅಂಕಲ್, ಕೂತ್ಕೊಳ್ಳಿ, ಚಾ ತರ್ತೀನಿ” ಎಂದದ್ದು ಕೇಳಿಸಿತು. ಒಳಗೆ ಬಂದವರು ಸತ್ಯನಾರಾಯಣ ಅಂಕಲ್. ಕಂಕುಳಲ್ಲಿ ಮಡಚಿದ ಬಟ್ಟೆಯ ಚೀಲ.

“ಗದಿಗೆಪ್ಪನವರು ಈಗಷ್ಟೇ ಬಂದು ಎಲ್ಲಾ ಹೇಳ್ಬಿಟ್ಟು ಹೋದ್ರು ಕಣಪ್ಪಾ” ಎಂದು ಸೋಫಾದಲ್ಲಿ ಕೂತರು. ಸೋಫಾ ಒಮ್ಮೆ ಉಸ್ಸೆಂದು ತಗ್ಗಿತು. “ತೂಕ ಇರೋರು ಬೇಕಂತೆ. ನಾನು ಅವರಿಗಿಂತ ಒಂದು ಕೈ ಮೇಲೇ ಇದೀನಿ. ಈಜು ಬರುತ್ತೆ, ಕಾವೇರಿ ನೀರು ಕುಡಿದ ಮೈ. ಊರಿಗೆ ಹೋಗೋ ಮಾತೇ ಇಲ್ಲ, ನಂದು ಗ್ರೀನ್ ಕಾರ್ಡು. ನೀನು ಪಾಪ ಒಬ್ಬನೇ ಹೋಗ್ತಿದ್ಯಲ್ಲ ಅಂತ ನನಗೆ ಎಷ್ಟು ಸಂಕಟ ಆಗಿತ್ತು ಗೊತ್ತಾ?”

ಅಲೀಮ್ ಬಾಯಿ ತೆರೆದ. ಉರ್ದುವಿನಲ್ಲಿ ಹುಡುಕಿದ, ಕನ್ನಡದಲ್ಲಿ ಹುಡುಕಿದ, ಇಂಗ್ಲಿಷಿನಲ್ಲಿ ಹುಡುಕಿದ. ಸಿಗಲಿಲ್ಲ.

“ಬೋಟು ಮುಗಿಸ್ಕೊಂಡು ಹಾಗೇ ನೋವೈ ಕಡೆ ಹೋಗಿ ತರಕಾರಿ ತಂದ್ಬಿಡೋಣ” ಎಂದು ಅಂಕಲ್ ಚೀಲವನ್ನು ಮೇಜಿನ ಮೇಲಿಟ್ಟರು. “ಒಂದು ವಿಷಯ ಮಾತ್ರ ಮೊದಲೇ ಕೇಳ್ಬಿಡ್ತೀನಿ. ಆ ನೀರಿನ ಮೇಲೆ ಎಕ್ಸಿಟ್ಟು ಗಿಕ್ಸಿಟ್ಟು ಏನೂ ಬರಲ್ಲ ತಾನೇ?”

“ಇಲ್ಲ ಅಂಕಲ್.”

“ಒಳ್ಳೇದಾಯ್ತು ಬಿಡು” ಎಂದರು ಸತ್ಯನಾರಾಯಣ ಅಂಕಲ್, ಸೋಫಾಕ್ಕೆ ಒರಗಿ. “ಹಾಗಾದ್ರೆ ಆ ಟ್ರಾನ್ಸ್‌ಫಾರ್ಮರ್‌ನ ಈ ಸಲ ಹೊಳೆ ದಾಟಿಸ್ಬಿಡೋಣ.”